ಮೂರು ತಿಂಗಳಿಗೊಂದು ಸೂಜಿ

ಮೂರು ತಿಂಗಳಿಗೊಂದು ಸೂಜಿ, ಹೊಟ್ಟೆಯ ಚರ್ಮದ ಕೆಳಗೆ.
"ನೋವಾಯ್ತಾ ತಾತ?" ಅಂತಾಳೆ ನರ್ಸಮ್ಮ,
ಕಬ್ಬನ್‌ಪೇಟೆ ಗರಡಿಯಲ್ಲಿ ನಲವತ್ತು ವರ್ಷ
ಮಟ್ಟಿ ತಿಂದವನನ್ನು.

ರಕ್ತದ ಚೀಟಿಯಲ್ಲಿ ಗಂಡಸುತನದ ಎದುರು
ಸೊನ್ನೆಗೆ ಒರಗಿ ನಿಂತ ಒಂದು ಅಂಕಿ.
ಡಾಕ್ಟರು ನೋಡಿ ನಕ್ಕರು,
ನಾನು ಪಾಸಾದ ಹಾಗೆ.

ಗಡ್ಡೆಗೆ ಅದೇ ಮೇವಂತೆ. ಮೇವು ನಿಲ್ಲಿಸಬೇಕು.
ಹೇಗೆ, ಅಂದೆ. ಪೆನ್ನಿನಿಂದ ಮೇಜು ಕುಟ್ಟಿದರು, ಟಕ ಟಕ ಟಕ:
ಮೆದುಳಿನ ಅಡಿಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ,
ಈ ಔಷಧಿ ಅದರ ಬಾಗಿಲು ಬಿಡದೆ ಬಡಿಯುತ್ತದೆ.
ಮೊದಮೊದಲು ಗಾಬರಿಬಿದ್ದು ಎಲ್ಲ ತೆರೆಯುತ್ತಾರೆ,
ಆಮೇಲೆ ಒಳಗಿನವರು ಏಳುವುದೇ ಇಲ್ಲ.
ನಮ್ಮ ಗಲ್ಲಿಯ ಪವರ್‌ಲೂಮು
ನನಗೆ ಕೇಳಿಸದ ಹಾಗೆ, ಅಂದುಕೊಂಡೆ.

ಮಾರ್ಚ್‌ನಲ್ಲಿ, ಬೆಳಗಿನ ನಾಲ್ಕಕ್ಕೆ,
ಬನ್ನಪ್ಪ ಪಾರ್ಕಿನ ಮರದಿಂದ ಗಂಡು ಕೋಗಿಲೆ
ಗಂಟಲು ಹರಿಯುವಷ್ಟು ಕೂಗುತ್ತದೆ.
ಹಗಲು ಒಂದಿಷ್ಟು ಉದ್ದವಾಯಿತು,
ಬೆಳಕು ಬುರುಡೆ ದಾಟಿ ಒಳಗೆ ಬಿತ್ತು, ರಕ್ತ ಹುಳಿಯಿತು.
ನಾವದನ್ನು ವಸಂತದ ಸ್ವಾಗತ ಅಂದೆವು.
ಪಾಪ, ಅದಕ್ಕೆ ನಿದ್ದೆಗೆಟ್ಟಿದೆ.

ಗರಡಿ ಹುಡುಗರು ಸಾಕಿದ ನಾಯಿ, ಹೆಸರು ಜಟ್ಟಿ.
ದೀಪಾವಳಿಗೆ ಮುಂಚೆ ಪಾಲಿಕೆಯ ವ್ಯಾನು ಎತ್ತಿಕೊಂಡು ಹೋಗಿ
ಕಿವಿಯ ತುದಿ ಕತ್ತರಿಸಿ, ಇನ್ನೊಂದನ್ನೂ ಕತ್ತರಿಸಿ,
ಕೆಲವು ದಿನಕ್ಕೆ ಹಿಡಿದಲ್ಲೇ ತಂದು ಬಿಟ್ಟಿತು.
ಈಗ ಅವೆನ್ಯೂ ರಸ್ತೆ ದಾಟಿ ಹೆಣ್ಣು ಹುಡುಕುವುದಿಲ್ಲ.
ಆದರೂ ಪಕ್ಕದ ಗಲ್ಲಿಯ ಬಿಳಿ ನಾಯಿ ಬಂದರೆ
ಬೆನ್ನ ಕೂದಲು ನಿಲ್ಲಿಸಿ ಗುರ್ ಅನ್ನುತ್ತದೆ,
ಅನ್ನುತ್ತಾ ಅನ್ನುತ್ತಾ, ಯಾಕೆ ಅನ್ನುವುದು ಮರೆತು
ಕೂತು ಕಿವಿ ಕೆರೆದುಕೊಳ್ಳುತ್ತದೆ.
ಹುಡುಗರು ನಗುತ್ತಾರೆ. ನಾನು ಬಿಸ್ಕತ್ತು ಹಾಕುತ್ತೇನೆ.

ಅವರಿಗೆ ದಾವಣಗೆರೆ ಕುಸ್ತಿಯ ಕಥೆ ಬೇಕು:
ಸಲಾಮಿಗೂ ಮುಂಚೆ ನಾನವನ ಕಣ್ಣು ತಗ್ಗಿಸಿದ್ದು,
ಆರನೇ ನಿಮಿಷಕ್ಕೆ ಅವನ ಭುಜ ಕಿತ್ತು ಬಂದದ್ದು.
ಮೊನ್ನೆ ಹೇಳುತ್ತಿದ್ದ ಹಾಗೇ, ಭುಜ ಹಿಡಿದುಕೊಂಡು
ಅವನು "ಯವ್ವಾ" ಅಂದದ್ದು ನೆನಪಾಗಿ
ಗಂಟಲು ಕಟ್ಟಿತು.
ಮೂವತ್ತೆಂಟು ವರ್ಷ ಆ ಸದ್ದು ನನ್ನ ಕಿವಿಯಲ್ಲೇ ಇತ್ತೆ?
ಕೇಳದಂತೆ ಯಾರು ಹಿಡಿದಿದ್ದರು?

ರಾತ್ರಿ ಎರಡಕ್ಕೆ ಬೆಂಕಿ.
ಎದೆಯಿಂದ ಹೊರಟು ಕತ್ತು, ಕಿವಿ, ನೆತ್ತಿ;
ಹಿಂಡಿದರೆ ಚೊಂಬು ತುಂಬುವಷ್ಟು ಬನಿಯನ್ನಿನ ಬೆವರು, ಜನವರಿಯಲ್ಲಿ.
ಮಗ್ಗುಲಿನ ಮುನಿಲಕ್ಷ್ಮಿ ಎದ್ದು, ದೀಪ ಹಾಕದೆ,
ಫ್ಯಾನನ್ನು ಐದಕ್ಕೆ ತಿರುಗಿಸಿ
ತಾನು ಎರಡು ಕಂಬಳಿ ಹೊದ್ದು ಗೋಡೆಗೆ ಹೊರಳುತ್ತಾಳೆ.

ಅವಳ ನಲವತ್ತೊಂಬತ್ತರಲ್ಲಿ ಇದೇ ಬೆಂಕಿ ಅವಳಿಗೆ ಬಂದಾಗ
ಫ್ಯಾನು ಆರಿಸಿದವನು ನಾನು.
"ಚಳೀಲಿ ಫ್ಯಾನೇನೇ, ನಾಟಕ" ಅಂದವನು.
ಅಡುಗೆಮನೆಯ ಕೆಂಪು ನೆಲಕ್ಕೆ ಕೆನ್ನೆಯಿಟ್ಟು
ಎರಡು ವರ್ಷ ಮಲಗಿದಳು.
ನನ್ನ ಬಾದಾಮಿ ಅರೆಯಲು ಅಲ್ಲಿಂದಲೇ ಏಳುತ್ತಿದ್ದಳು.

ಅದೂ ರಸದಾಟ, ಇದೂ ರಸದಾಟ ಎಂದು
ಡಾಕ್ಟರ ಮಾತಿನಲ್ಲಿ ಕೈ ತೊಳೆದುಕೊಳ್ಳಬಹುದಿತ್ತು.
ಆದರೆ ಎದುರುಮನೆ ಮಗ್ಗದ ಶೇಷಾಚಲಯ್ಯ,
ಅವನಲ್ಲೂ ಇದೇ ರಸ ಹರಿಯುತ್ತಿತ್ತಲ್ಲ, ಮೀಸೆ ನನಗಿಂತ ದಪ್ಪ,
ಹೆಂಡತಿಗೆ ರಟ್ಟಿನಲ್ಲಿ ಗಾಳಿ ಬೀಸುತ್ತಾ
ಮೆಟ್ಟಿಲ ಮೇಲೆ ಕೂತಿರುತ್ತಿದ್ದ.
ಗರಡಿಯವರೆಲ್ಲ ನಗುತ್ತಿದ್ದೆವು.

"ಮುನಿಲಕ್ಷ್ಮೀ," ಅಂದೆ.
"ಹೂಂ."
"ಆವಾಗ ನಾನು..."
"ಗೊತ್ತು. ಮಲಕ್ಕೊಳ್ಳಿ."
ಎಷ್ಟೋ ಹೊತ್ತಾದ ಮೇಲೆ, ಗೋಡೆಯ ಕಡೆಗೇ ಮುಖ ಮಾಡಿ:
"ಕತ್ತಿನ ಹಿಂದೆ ಒದ್ದೆ ಬಟ್ಟೆ ಹಾಕ್ಕೊಂಡ್ರೆ ಬೇಗ ಇಳಿಯುತ್ತೆ.
ನಾನೇ ಕಂಡುಕೊಂಡಿದ್ದು."

ಎದ್ದು ಬಟ್ಟೆ ನೆನೆಸಲು ಹೋದೆ.
ಅಡುಗೆಮನೆಯ ನೆಲ ಅಂಗಾಲಿಗೆ ತಣ್ಣಗಿತ್ತು.
ಹೊರಗೆ ಜಟ್ಟಿ ಯಾರಿಗೋ ಗುರ್ ಅಂದು
ಸುಮ್ಮನಾಯಿತು.