ಒಳಮಡಿಕೆ

ಕನ್ನಡಿ ಆಮೇಲೆ, ಮಗಳೇ.
ಮೊದಲು ಈ ಕೋಟನ್ನು ಒಳಹೊರಗು ಮಾಡು.
ಅಂಚು ನೋಡು. ನನ್ನ ಹೆಬ್ಬೆರಳಿನಷ್ಟಾದರೂ
ಬಟ್ಟೆ ಒಳಗೆ ಮಡಚಿದೆಯೇ?
ಇಲ್ಲವೆಂದರೆ ಅಲ್ಲೇ ತೂಗುಹಾಕು.
ಅದು ಇವತ್ತಿನ ನಿನಗೆ ಮಾತ್ರ ಹೊಲಿದದ್ದು,
ನಾಳೆ ಬರುವವಳಿಗೆ ಅದರಲ್ಲಿ ಜಾಗವಿಲ್ಲ.

ನೀನು ಕತ್ತರಿಸಿ ತಂದ ಚೀಟಿ ನೋಡಿದೆ.
ಬಿಳಿ ಅಂಗಿ, ಕಪ್ಪು ಉಡುಪು, ಒಂಟೆಬಣ್ಣದ ಕೋಟು,
ಒಂದೆಳೆ ಮುತ್ತು.
ಎಂದೂ ಹಳತಾಗದ ಹತ್ತು, ಅಂತ ಮೇಲೆ ದಪ್ಪಕ್ಷರ.
ಬರೆದ ಪುಣ್ಯಾತ್ಮರು ತ್ರಿಯೆಸ್ತೆಯಲ್ಲಿ
ಒಂದು ಚಳಿಗಾಲವೂ ಕಳೆದಿಲ್ಲ.
ಬೆಟ್ಟದಿಂದ ಧುಮುಕುವ ನಮ್ಮ ಬೋರಾ ಗಾಳಿ
ಬಂದರಿನ ಕಟ್ಟೆಯ ಮೇಲೆ ನಿಂತವಳನ್ನು
ಯಾವ ಅಂಗಡಿಯದು ಎಂದು ಕೇಳುವುದಿಲ್ಲ.
ಗುಂಡಿ ಗಟ್ಟಿಯೇ, ಅಷ್ಟೇ ಕೇಳುತ್ತದೆ,
ಅದೂ ಒಂದೇ ಸಲ.

ಕಪ್ಪು ಬೇಕು, ಇಲ್ಲವೆನ್ನುವುದಿಲ್ಲ.
ಆದರೆ ಕಪ್ಪೆಂದದ್ದೆಲ್ಲ ಕಪ್ಪಲ್ಲ.
ಕಿಟಕಿಯ ಹತ್ತಿರ ಹಿಡಿ:
ಇದರ ಹೊಟ್ಟೆಯಲ್ಲಿ ಹಸಿರು, ಅದರಲ್ಲಿ ಕಂದು.
ನಾಲ್ಕು ಒಗೆತಕ್ಕೆ ಗುಟ್ಟು ರಟ್ಟು.

ಬಿಳಿ ಅಂಗಿಗೆ ಪರೀಕ್ಷೆ ಬೇರೆ.
ತೊಟ್ಟುಕೊಂಡು ಯಾರನ್ನಾದರೂ ತಬ್ಬಿಕೋ.
ನನ್ನನ್ನೇ ತಬ್ಬಿಕೋ, ನಾಚಿಕೆ ಯಾಕೆ?
ಬೆನ್ನು ಬಿಗಿಯಿತೇ? ಬಿಡು ಹಾಗಾದರೆ.
ಯಾರೋ ಅಳುತ್ತಾ ಬಂದ ದಿನ
ಕೈ ಚಾಚಲು ಬಿಡದ ಅಂಗಿ
ರೇಷ್ಮೆಯದಾದರೇನು, ರದ್ದಿಯೇ.

ಫುಲ್ವಿಯಾ ಕೊಸುತಾಳ ಬೂದುಬಣ್ಣದ ಸ್ಕರ್ಟು
ಈ ಮೇಜಿನ ಮೇಲೆ ಆರು ಸಲ ಮಲಗಿ ಎದ್ದಿದೆ.
ಮದುವೆಗೆ ಮುಂಚೆ ಬಿಗಿ ಮಾಡಿದೆ,
ಹೆರಿಗೆಯಾದ ಮೇಲೆ ಬಿಟ್ಟೆ,
ಜ್ವರ ಹಿಡಿದ ವರ್ಷ ಮತ್ತೆ ಹಿಡಿದೆ.
ಐವತ್ತೆರಡಕ್ಕೆ ಬಂದಳು ನೋಡು,
ಕೆನ್ನೆ ತುಂಬಿ, ಬಾಗಿಲಲ್ಲೇ ನಿಂತು:
'ನಾನು ಅವನನ್ನು ಬಿಟ್ಟೆ, ನೀವೆಸ್,
ನೀನು ಇದನ್ನು ಬಿಚ್ಚು!'
ಇಬ್ಬರೂ ನಕ್ಕ ನಗೆಗೆ
ಪಕ್ಕದ ಕಾಫಿ ಅಂಗಡಿಯವನು ಇಣುಕಿದ.
ಒಳಗಿನ್ನೂ ಒಂದು ಬೆರಳಗಲ ಬಟ್ಟೆ ಉಳಿದಿತ್ತು.

ನನ್ನ ಅಮ್ಮ ಓಂಡಿನಾ
ಸಿಪಾಯಿಯ ಕಂಬಳಿಯಲ್ಲಿ ಕೋಟು ಹೊಲಿದವಳು.
ಹನ್ನೊಂದು ವರ್ಷ ತೊಟ್ಟು, ಮೇಲ್ಮೈ ಸವೆದಾಗ
ಎಳೆ ಎಳೆ ಬಿಚ್ಚಿ
ರೊಟ್ಟಿ ಮಗುಚಿದಂತೆ ಮಗುಚಿದಳು.
ಬಿಸಿಲು ಕಾಣದ ಬಣ್ಣ ಬೀದಿಗೆ ಬಂತು.
ಗುಂಡಿಗಳು ಮಾತ್ರ ಗಂಡಸರ ಕಡೆಗೆ ಹೋದವು.
ಪಾದ್ರಿಯ ತಂಗಿ ಅದನ್ನೆತ್ತಿ ಆಡಿದಾಗ
'ಹಾಗಾದರೆ ಜೇಬೂ ಅವರದೇ ಇರಲಿ' ಎಂದು
ಎರಡು ದೊಡ್ಡ ಜೇಬು ಕೂರಿಸಿದಳು.
ಒಂದರಲ್ಲಿ ಬ್ರೆಡ್ಡು. ಇನ್ನೊಂದರಲ್ಲಿ
ಗಾಳಿಯಿದ್ದ ದಿನ ನನ್ನ ಕೈ.

ಏನು ಕೇಳುತ್ತಿದ್ದೆ? ಹಾಂ, ಯಾವುದು ಬಾಳುತ್ತದೆ ಅಂತ.
ಬಟ್ಟೆ ಬಾಳುವುದಿಲ್ಲ, ಯಾಸ್ನಾ,
ಬಾಳಿಸಬೇಕು.
ಅದಕ್ಕೇ ಜೇಬು ನೋಡು, ಅಂಚು ನೋಡು,
ಬೂದು ತಗೋ, ಕಡುನೀಲಿ ತಗೋ.
ಸೋಮವಾರ ಸುಂಕದ ಕಚೇರಿಯಲ್ಲಿ
ಮೊದಲ ದಿನ ಅಂದೆಯಲ್ಲ,
ನೂರೆಂಬತ್ತು ಯೂರೋ ಅಂದೆಯಲ್ಲ...

ಅದು ಬೇಡ.
ಮೂಲೆಯ ಮೊಳೆಗೆ ತೂಗಿದ ಆ ಹಸಿರು ಜಾಕೆಟ್ಟು
ಎಂಟು ವರ್ಷದಿಂದ ಯಾರೂ ಕೇಳಿ ಬರದದ್ದು.
ಎಡತೋಳು ಗಿಡ್ಡ,
ಬಣ್ಣವೋ ಬಾಟಲಿ ಚೂರಿನದು,
ನಿನ್ನ ಚೀಟಿಯಲ್ಲೂ ಇಲ್ಲ, ನನ್ನ ಬಾಯಲ್ಲೂ ಇಲ್ಲ.
ಬೇಡವೆಂದೆನಲ್ಲ, ಆಗಲೇ ತೊಟ್ಟುಕೊಂಡೆಯಾ?

ತಿರುಗು.
ಇನ್ನೊಮ್ಮೆ ತಿರುಗು.

ಒಳಗೆ ಮಡಿಕೆಯೇ ಇಲ್ಲ, ನೋಡು.
ನೂಲೆಳೆಯಷ್ಟೂ ಬಿಟ್ಟಿಲ್ಲ ಪುಣ್ಯಾತ್ಗಿತ್ತಿ.
ನಲವತ್ತೊಂದು ವರ್ಷ ಇಂಥದ್ದನ್ನು
ಬಾಗಿಲಿನಿಂದಲೇ ಹಿಂದೆ ಕಳಿಸಿದವಳು ನಾನು.

ಆ ಸೂಜಿಡಬ್ಬಿ ಕೊಡು ಇತ್ತ.
ಬೂದು ಉಣ್ಣೆಯ ಪಟ್ಟಿಯೊಂದಿದೆ,
ಅಂಚಿಗೆ ಸೇರಿಸಿ ಒಳಗೆ ಮಡಚುತ್ತೇನೆ.
ಹೊರಗೆ ಯಾರಿಗೂ ಕಾಣದು.
ತೋಳು ಎತ್ತು. ಉಸಿರು ಹಿಡಿಯಬೇಡ,
ಉಸಿರು ಬಿಟ್ಟೇ ಅಳತೆ ಕೊಡು.

ಶನಿವಾರ ಬಾ, ಮಧ್ಯಾಹ್ನದೊಳಗೆ.
ಆಮೇಲೆ ಬಾಗಿಲು ಹಾಕಿರುತ್ತದೆ.