ಘಟನೆ ಇಲ್ಲ

ನಮ್ಮ ಲೈನಿನ ಗಂಡಸರೆಲ್ಲ ಚಿನ್ನಕ್ಕೆ ಇಳಿಯುತ್ತಿದ್ದರು,
ನಾಯನ ಒಂದು ಸಾವು ಕಾಯಲು.

ಅದೇ ಕೇಜು, ಅದೇ ಬೆವರು, ಮುಟ್ಟಿದರೆ ಚುರ್ರೆನ್ನುವ ಅದೇ ಬಂಡೆ.
ಚಾಂಪಿಯನ್ ರೀಫಿನ ತಳದಲ್ಲಿ ಕಬ್ಬಿಣದ ಕೊಳವೆಗಳನ್ನು
ಸೌದೆಯ ಹಾಗೆ ಒಟ್ಟಿದ್ದರು ವಿಜ್ಞಾನಿಗಳು.
ಧೂಳು ಒರೆಸುವುದು, ಪುಸ್ತಕದಲ್ಲಿ ಗಂಟೆಗಂಟೆಗೆ ಬರೆಯುವುದು
ಇಷ್ಟೇ ಚೆಂಗಲರಾಯನ ಕೆಲಸ.

‘ಕಬ್ಬಿಣದೊಳಗೆ ಒಂದು ಕಣ ಐತಂತೆ ಪಾಪಾ,
ಯಾವತ್ತೋ ಅದೂ ಸಾಯ್ತದಂತೆ. ಸತ್ರೆ ಒಂದು ಗೆರೆ ಬರ್ತದೆ.’
‘ಸಾಯದಿದ್ರೆ?’
‘ಸಂಬಳ ಬರ್ತದೆ.’
ಮುದ್ದೆ ತಿರುವುತ್ತಿದ್ದ ಅಮ್ಮ ನಕ್ಕಳು.

ಒಂದು ರಾತ್ರಿ ನೆಲದೊಳಗೆ ಗುಡುಗಿತು.
ಗೂಡಿನ ತಟ್ಟೆಗಳೆಲ್ಲ ಜಾರಿ ಬಿದ್ದವು, ಆಮೇಲೆ ಸೈರನ್ನು.
ಬೆಳಿಗ್ಗೆ ನಾಯನ ಬಂದ, ಎರಡೂ ಕಿವಿ ಮುಚ್ಚಿಕೊಂಡು.
ಪಕ್ಕದ ಮನೆಯ ಆಶೀರ್ವಾದಂ
ಮೂರನೆಯ ದಿನ ಬಂದ, ಗೋಣಿಯಲ್ಲಿ.

ಆ ತಾರೀಕಿನ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ.
ನಾಯನದೇ ಗುಂಡು ಅಕ್ಷರ,
ರಾತ್ರಿ ಎರಡು ಗಂಟೆ: ಘಟನೆ ಇಲ್ಲ.
ಮೂರು ಗಂಟೆ: ಘಟನೆ ಇಲ್ಲ.

ಈಗ ನಾನು ಆಂಡರ್ಸನ್‌ಪೇಟೆಯಲ್ಲಿ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತೇನೆ:
ಸೂರ್ಯ ಊದುತ್ತಾನೆ, ಕೆಂಪಾಗುತ್ತಾನೆ, ಹತ್ತಿರ ಬರುತ್ತಾನೆ.
‘ಮಿಸ್, ಸಯನೈಡ್ ದಿಬ್ಬ?’
ಕರಗುತ್ತದೆ.
‘ಬೇತಮಂಗಲದ ಕೆರೆ?’
ಅದು ಎಲ್ಲಕ್ಕಿಂತ ಮೊದಲೇ.
ಆಮೇಲೆ ಅವನೂ ಆರುತ್ತಾನೆ, ಒಲೆಯೊಳಗಿನ ಇದ್ದಿಲಂತೆ.
ಉಳಿದ ಕಲ್ಲು, ಉಳಿದ ಕಬ್ಬಿಣ ತಣ್ಣಗೆ ಅಲೆಯುತ್ತವೆ,
ಅವುಗಳ ಒಂದೊಂದು ಕಣವೂ ತನ್ನ ಸರದಿ ಬಂದಾಗ,
ಬರುವುದೇ ಆದರೆ.
ಎಷ್ಟು ವರ್ಷಕ್ಕೆ?
ಒಂದು ಬರೆದು ಸೊನ್ನೆ ಸುತ್ತತೊಡಗಿದೆ,
ಬೋರ್ಡು ಮುಗಿದು ಎರಡನೆಯ ಸಾಲಿಗೆ ಇಳಿದೆ.
ಹುಡುಗರು ಜೋರಾಗಿ ಎಣಿಸಿದರು. ಗಂಟೆ ಹೊಡೆಯಿತು.

ಅಳಿಸಲು ಮನಸ್ಸಾಗದೆ ಬಂದೆ.

ಪಂಪು ನಿಲ್ಲಿಸಿದ ಮೇಲೆ ಗಣಿಯ ತುಂಬ ನೀರು,
ಇನ್ನೂ ಏರುತ್ತಿದೆಯಂತೆ.
ಕೊಳವೆಗಳನ್ನು ಯಾರು ಒಯ್ದರೋ, ಪುಸ್ತಕ ಯಾವ ಬೀರುವಿನಲ್ಲೋ.
ಕಾಯುವವರಿಲ್ಲದ ಆ ಬಂಡೆಯಲ್ಲಿ ಒಂದು ಕಣ
ಸತ್ತಿದ್ದರೂ ಸತ್ತಿರಬಹುದು ನಿನ್ನೆ ಮಧ್ಯಾಹ್ನ,
ನಾವು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಗ.

ಆಶೀರ್ವಾದಂ ಹೆಂಡತಿ ಲೂರ್ದಮ್ಮ
ಇವತ್ತಿಗೂ ತಟ್ಟೆಗಳನ್ನು ಗೂಡಿಗೆ ಏರಿಸುವುದಿಲ್ಲ.
ತೊಳೆದು, ಒರೆಸಿ,
ನೆಲದ ಮೇಲೇ ಜೋಡಿಸುತ್ತಾಳೆ.