ಕೆಳಗಿನವುಗಳಲ್ಲಿ ಒಂದನ್ನು ಆರಿಸಿ

ಟೊಲೀಡೋದಲ್ಲಿ ಫೆಬ್ರವರಿ. ನದಿ ಕಲ್ಲಾಗಿದೆ.
ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ಪಕ್ಕದಲ್ಲಿ ಆರಿದ ಉಪ್ಪಿಟ್ಟು,
ತೆರಿಗೆ ಕಾಗದಗಳು ಹೀಟರಿನ ಗಾಳಿಗೆ ಹಾರದಿರಲೆಂದು
ಅವುಗಳ ಮೇಲೆ ಶೇಂಗಾ ಚಟ್ನಿಯ ಡಬ್ಬಿ.

ಇಂಚರ ಕಾಲೇಜು ಹುಡುಕುತ್ತಿದ್ದಾಳೆ,
ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ:
ತಿರುವಿ, ತೊಟ್ಟು ನೋಡಿ, ಬೆಲೆ ಕೇಳಿ, ಬಿಟ್ಟು.
ಒಂದೊಂದು ಕಾಲೇಜಿಗೂ ಎರಡು ಬೆಲೆಯಂತೆ,
ಊರಿಗೆಲ್ಲ ಹೇಳುವುದೊಂದು,
ನಮ್ಮ ಮನೆ ನೋಡಿ ಹೇಳುವುದೊಂದು.
“ಎರಡನೇದು ಬೇಕಂದ್ರೆ ಮನೆ ತೋರಿಸ್ಬೇಕು, ಅಮ್ಮಾ.”

ತೋರಿಸಿದೆವು.
ಮೊದಲು ಅವರಪ್ಪ.
ನೆಬ್ರಾಸ್ಕಾದಲ್ಲೆಲ್ಲೋ, ಹದಿನೆಂಟು ಗಾಲಿಯ ಮೇಲೆ
ಜನ್ಮದಲ್ಲಿ ಬಾಯಿಗಿಡದ ಹಂದಿಮಾಂಸ ಹೊತ್ತು ನಿಂತಿದ್ದಾರೆ.
ಅವರ ಫೋನಿಗೆ ಬಂದ ಆರು ಅಂಕಿಗೆ
ಹತ್ತೇ ನಿಮಿಷದ ಆಯುಷ್ಯ.
“ಬರ್ಕೋ. ಎಂಟು, ಸೊನ್ನಿ, ಎರಡು, ಎರಡು...
ತಡಿ, ಕನ್ನಡಕ... ಐದು, ಒಂದು.”
ಹಿಂದೆ ಎಂಜಿನ್ನಿನ ಗುರುಗುರು.
ಆಮೇಲೆ, “ಊಟ ಆತೇನು?”

ಈಗ ನನ್ನ ಸರದಿ.
ಗುಟ್ಟಿನ ಪ್ರಶ್ನೆ: ನೀವು ಹುಟ್ಟಿದ ಊರು?
ರೋಣ.
ಇಷ್ಟು ಚಿಕ್ಕದು ನಡೆಯುವುದಿಲ್ಲ, ಎಂದಿತು ಪರದೆ.
ಜಿಲ್ಲೆ ಸೇರಿಸಿದೆ. ನಾನು ಹುಟ್ಟಿದಾಗಿನ ಧಾರವಾಡ.
ಒಪ್ಪಿತು.

ಇಂಚರ ಡಬ್ಬಿ ಎತ್ತಿ, ಕಾಗದ ಎಳೆದು,
ನನ್ನ ಹೆಸರಿನ ಎದುರಿದ್ದ ಅಂಕಿ ಓದಿದಳು.
ಕೂದಲಿಗೆ ಬಲೆ ಕಟ್ಟಿ, ಶಾಲೆಯ ಅಡುಗೆಮನೆಯಲ್ಲಿ
ಆರುನೂರು ಮಕ್ಕಳಿಗೆ ಪಿಜ್ಜಾ ಕತ್ತರಿಸಿದ ಅಂಕಿ.
“ಇದು ಆರು ತಿಂಗಳಿಗಾ?”
“ವರ್ಷಕ್ಕೆ.”
ಪಕ್ಕದ ಪುಟದಲ್ಲಿ ಹೋದ ವಾರದಿಂದ
ತೆರೆದೇ ಇದ್ದ ಕೆಂಪು ಬೂಟುಗಳನ್ನು
ಅವಳು ಸದ್ದಿಲ್ಲದೆ ಮುಚ್ಚಿದ್ದು ನನಗೆ ಕಾಣಿಸಿತು.
ಕಾಣದವಳ ಹಾಗೆ ಕೂತೆ.

ತಂದೆಯ ವಿದ್ಯಾಭ್ಯಾಸ: ಹತ್ತನೇ ಇಯತ್ತೆ.
ಅದನ್ನು ಅವರು ಹಬ್ಬಕ್ಕೊಮ್ಮೆ ಹೇಳಿ ನಗುತ್ತಾರೆ.
ತಾಯಿಯ ವಿದ್ಯಾಭ್ಯಾಸ:
ಕೆಳಗಿನವುಗಳಲ್ಲಿ ಒಂದನ್ನು ಆರಿಸಿ.

ಇಂಚರ ಕೇಳಲೇ ಇಲ್ಲ. ಯಾಕೆ ಕೇಳಬೇಕು?
ನಮ್ಮಮ್ಮ ಬಿ.ಕಾಂ. ಎಂದು
ಎರಡನೇ ಕ್ಲಾಸಿನಿಂದ ಗೊತ್ತು ಅವಳಿಗೆ.
ಬಾಣದ ಗುರುತು ಪದವಿಯ ಮೇಲೆ ಹೋಗಿ ನಿಂತಿತ್ತು.
ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ:
ಸುಳ್ಳು ಹೇಳಿದರೆ ದಂಡ, ಜೈಲು.

ಉಪ್ಪಿಟ್ಟಿನ ಬಟ್ಟಲು ಎತ್ತಿಕೊಂಡು ಸಿಂಕಿನ ಕಡೆ ಹೋದೆ.
ಬೆನ್ನು ತೋರಿಸಿದರೆ ಮಾತು ಸಲೀಸು.
“ಅದಲ್ಲ,” ಎಂದೆ. “ಅದರ ಮೇಲಿಂದು.”

ಪಿಯುಸಿ ಎರಡನೇ ವರ್ಷ ನಪಾಸು
ಎನ್ನುವ ಆಯ್ಕೆ ಈ ದೇಶದಲ್ಲಿಲ್ಲ.
ಕಾಲೇಜಿನ ಬಾಗಿಲಲ್ಲಿ ಅಂಟಿಸಿದ ಪಟ್ಟಿ,
ನನ್ನ ಹಿಂದಿನ ನಂಬರು ಇದೆ, ಮುಂದಿನದೂ ಇದೆ,
ನಡುವೆ ಹಲ್ಲು ಬಿದ್ದ ಜಾಗ.
ಮರುಪರೀಕ್ಷೆಗೆ ಹಣ ಕಟ್ಟುವುದರೊಳಗೆ
ಮನೆಯವರು ನನ್ನ ಫೋಟೋ ತೆಗೆಸಿದರು,
ಅತ್ತಿಗೆಯ ಸೀರೆ ಉಡಿಸಿ.

ನಲ್ಲಿ ಎಷ್ಟು ಹೊತ್ತು ಹರಿಯಿತೋ.
ಹಿಂದಿನಿಂದ ಒಂದು ಕ್ಲಿಕ್ಕು. ತಡೆದು, ಇನ್ನೊಂದು.
“ಅಮ್ಮಾ, ಇಲ್ಲಿ ನೋಡು.
ಅಪ್ಪ ಅಮ್ಮ ಇಬ್ಬರೂ ಕಾಲೇಜು ಮುಗಿಸಿಲ್ಲ ಅಂದ್ರೆ
ಬೇರೆ ದುಡ್ಡಿದೆ. ಅರ್ಜಿ ಫೀಸೂ ಮಾಫಿ.”

ಹತ್ತು ವರ್ಷ ಸಾಕಿದ ಸುಳ್ಳಿಗೆ
ಒಂದು ಸೆಮಿಸ್ಟರಿನ ಬೆಲೆ ಇತ್ತೆಂದು ನನಗೇನು ಗೊತ್ತು?
ಅವಳ ದನಿಯಲ್ಲಿ ಸಿಟ್ಟು ಹುಡುಕಿದೆ,
ಪಟ್ಟಿಯಲ್ಲಿ ನಂಬರು ಹುಡುಕಿದ ಹಾಗೆ.

“ಎಷ್ಟು ಬಂದಿತ್ತು?”
“ಅಕೌಂಟೆನ್ಸಿ. ಮೂವತ್ತೊಂದು.”
“ಪಾಸಿಗೆ?”
“ಮೂವತ್ತೈದು.”

“ನಾಲ್ಕು,” ಎಂದಳು ಇಂಚರ,
ಪರದೆ ನೋಡುತ್ತಲೇ, ಅಂಗಡಿಯಲ್ಲಿ ಚಿಲ್ಲರೆ ಎಣಿಸುವವಳ ಹಾಗೆ.
ಮತ್ತೊಮ್ಮೆ, ಮೆಲ್ಲಗೆ, “ಬರೀ ನಾಲ್ಕು.”

ಹೊರಗೆ ರಸ್ತೆಗೆ ಉಪ್ಪು ಚೆಲ್ಲುವ ಲಾರಿ ಹಾದುಹೋಯಿತು,
ಶೆಲ್ಫಿನ ಲೋಟಗಳು ಒಂದಕ್ಕೊಂದು ತಾಗಿದವು.
ಅವಳು ಕುರ್ಚಿ ಸರಿಸಿ ಜಾಗ ಮಾಡಿದಳು.
“ಇಲ್ಲಿ ನೀನೇ ಸಹಿ ಹಾಕ್ಬೇಕು.”

ಸೆರಗಿಲ್ಲ. ಪ್ಯಾಂಟಿಗೇ
ಒದ್ದೆ ಕೈ ಒರೆಸಿಕೊಂಡೆ.